ಬೇ ವಿಂಡೋದ ಪರದೆಗೆ ಮೋಟರ್: ಎರಡು ವರ್ಷ ಬಳಸಿದ ಮೇಲೆ

ನಮ್ಮ ಹಜಾರದ ಕಿಟಕಿ ಮೂರು ಮುಖಗಳಾಗಿ ಹೊರಚಾಚಿರುವುದರಿಂದ ಪರದೆಯ ಹಳಿ ಎರಡು ಕಡೆ 45 ಡಿಗ್ರಿಯಷ್ಟು ಬಾಗಬೇಕು. ಅಂಥ ಹಳಿಗೆ ಮೋಟರ್ ಕೂರಿಸಲು ಅಂಗಡಿಯವರು ಹಿಂದೇಟು ಹಾಕಿದ್ದರಿಂದ ನಾನೇ ಕಟ್ಟಿಕೊಂಡ ಈ ವ್ಯವಸ್ಥೆ ಎರಡು ವರ್ಷಗಳಿಂದ ಬೆಳಿಗ್ಗೆ ಸಂಜೆ ಓಡುತ್ತಿದೆ.

ಅಲ್ಯೂಮಿನಿಯಂ ಹಳಿ, ಸಣ್ಣ ಸಣ್ಣ ಹೆಜ್ಜೆಯಾಗಿ ತಿರುಗುವ ನೆಮಾ 17 ಸ್ಟೆಪರ್ ಮೋಟರ್, ಅದಕ್ಕೆ ವಿದ್ಯುತ್ತನ್ನು ಅಳೆದು ಕೊಡುವ ಟಿಎಂಸಿ2209 ಡ್ರೈವರ್, ಎಲ್ಲವನ್ನೂ ನಿಯಂತ್ರಿಸುವ ಪುಟ್ಟ ಕಂಪ್ಯೂಟರ್ ಆದ ಇಎಸ್‌ಪಿ32 ಬೋರ್ಡ್ ಮತ್ತು ಪರದೆಯನ್ನು ಎಳೆಯುವ ಹಲ್ಲುಳ್ಳ ಜಿಟಿ2 ಬೆಲ್ಟ್ ಇದರ ಭಾಗಗಳು. 20 ಹಲ್ಲಿನ ರಾಟೆ ಒಂದು ಸುತ್ತಿಗೆ ಬೆಲ್ಟನ್ನು 40 ಮಿ.ಮೀ. ಎಳೆಯುವುದರಿಂದ 3.2 ಮೀಟರ್ ಹಳಿಗೆ 80 ಸುತ್ತು ಸಾಕು.

ಮೇಜಿನ ಮೇಲೆ ನೇರ ಹಳಿಯಲ್ಲಿ ಸಲೀಸಾಗಿ ಓಡಿದ ಮೋಟರ್, ಕಿಟಕಿಗೆ ಏರಿಸಿದೊಡನೆ ಗುರ್ರೆಂದು ನಿಂತುಬಿಟ್ಟಿತು. ಹಗ್ಗವನ್ನು ಗೂಟಕ್ಕೆ ಎರಡು ಸುತ್ತು ಸುತ್ತಿ ಹೋರಿಯನ್ನು ತಡೆದು ನಿಲ್ಲಿಸುವವರಿಗೆ ಇದರ ಕಾರಣ ಹೇಳಬೇಕಾಗಿಲ್ಲ: ಉಜ್ಜುತ್ತ ತಿರುಗುವ ಕೋನ ಹೆಚ್ಚಿದಷ್ಟೂ ಹಿಡಿತ ಪಟ್ಟು ಪಟ್ಟಾಗಿ ಏರುತ್ತದೆ. ಬೆಲ್ಟಿನ ಹೋಗುವ ಮತ್ತು ಬರುವ ಎಳೆಗಳೆರಡೂ ಹಳಿಯ ಗೋಡೆಗೆ ಉಜ್ಜುತ್ತ ಒಟ್ಟು 180 ಡಿಗ್ರಿ ತಿರುಗುತ್ತವೆ. ಉಜ್ಜಾಟ ಎಷ್ಟೆಂದು ಹೇಳುವ ಘರ್ಷಣೆಯ ಗುಣಾಂಕ 0.3 ಎಂದುಕೊಂಡರೂ ಬೇಕಾಗುವ ಎಳೆತ, ತಿರುವಿಲ್ಲದಿದ್ದರೆ ಬೇಕಾಗುತ್ತಿದ್ದುದರ ಎರಡೂವರೆ ಪಟ್ಟು ದಾಟುತ್ತದೆ. ತಿರುವನ್ನು ಇನ್ನಷ್ಟು ಅಗಲವಾಗಿ ಬಾಗಿಸಿದರೆ ಸರಿಹೋದೀತೆಂದು ನಾನು ಒಂದು ವಾರ ಹಾಳುಮಾಡಿದೆ. ಈ ಲೆಕ್ಕದಲ್ಲಿ ಕೋನಕ್ಕೆ ಬೆಲೆಯಿದೆಯೇ ಹೊರತು ತ್ರಿಜ್ಯಕ್ಕೆ ಜಾಗವೇ ಇಲ್ಲ. ಕೊನೆಗೆ ಪ್ರತಿ ತಿರುವಿನಲ್ಲೂ ಸಣ್ಣ ಬೇರಿಂಗ್‌ಗಳ ಸಾಲನ್ನು ಕೂರಿಸಿ, ಉಜ್ಜುವ ಬೆಲ್ಟನ್ನು ಉರುಳುವಂತೆ ಮಾಡಿದ ಮೇಲೆ ಅದೇ ಮೋಟರ್ ಸಾಕಾಯಿತು. ಒಂದು ಎಳೆಯ ಹಲ್ಲುಗಳು ಬೇರಿಂಗ್‌ಗಳ ಮೇಲೆಯೇ ಹಾಯುವುದರಿಂದ ಸಣ್ಣಗೆ ಜಿರ್ರೆನ್ನುವ ಸದ್ದು ಈಗಲೂ ಇದೆ. ಮನೆಯವರಿಗೆ ಅಭ್ಯಾಸವಾಗಿದೆ, ನನಗಿನ್ನೂ ಆಗಿಲ್ಲ.

ಬೇರಿಂಗ್ ಹಿಡಿಕೆಗಳನ್ನು ಮೊದಲು ಪಿಎಲ್‌ಎ ಎಂಬ ಪ್ಲಾಸ್ಟಿಕ್‌ನಲ್ಲಿ 3ಡಿ ಮುದ್ರಿಸಿದ್ದು ನನ್ನ ತಪ್ಪು. ಅದು 60 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಮೆತ್ತಗಾಗುತ್ತದೆ. ಪಡುವಣ ಬಿಸಿಲು ಮತ್ತು ಬೆಲ್ಟಿನ ಬಿಡದ ಎಳೆತದ ನಡುವೆ ಮೊದಲ ಬೇಸಿಗೆಯಲ್ಲೇ ಹಿಡಿಕೆಗಳು ವಾಲಿಕೊಂಡವು. ಬದಲಿಗೆ ಹಾಕಿದ, ಹೆಚ್ಚು ಬಿಸಿ ತಾಳುವ ಪಿಇಟಿಜಿ ಪ್ಲಾಸ್ಟಿಕ್‌ನ ಹಿಡಿಕೆಗಳು ಇಂದಿಗೂ ಕದಲಿಲ್ಲ.

ಪರದೆ ತಡೆದರೆ ಡ್ರೈವರ್ ತಾನೇ ಗುರುತಿಸಿ ನಿಲ್ಲಿಸುವ ಸೌಲಭ್ಯದ ಬಗ್ಗೆ ನನಗೆ ಅರೆಮನಸ್ಸಿನ ಮೆಚ್ಚುಗೆಯಿದೆ. ತಿರುವಿನಲ್ಲಿ ಹೊರೆ ಏರಿದಾಗ ಅದನ್ನೇ ತಡೆಯೆಂದು ಭ್ರಮಿಸಿ ನಿಲ್ಲುತ್ತಿದ್ದುದರಿಂದ ಸೂಕ್ಷ್ಮತೆಯನ್ನು ತಗ್ಗಿಸಬೇಕಾಯಿತು. ಈಗ ಯಾರಾದರೂ ಪರದೆಯನ್ನು ಹಿಡಿದರೆ ಅದು ತುಸು ತಡವಾಗಿ ನಿಲ್ಲುತ್ತದೆ. ಕರೆಂಟ್ ಹೋದಾಗ ಪರದೆಯನ್ನು ಕೈಯಿಂದ ಎಳೆಯಬಹುದಾದರೂ, ಎಷ್ಟು ತಿರುಗಿತೆಂದು ಅಳೆಯುವ ಎನ್‌ಕೋಡರ್ ಇಲ್ಲದ ಮೋಟರಿಗೆ ಪರದೆ ಎಲ್ಲಿದೆಯೆಂಬುದು ತಿಳಿಯದ ಕಾರಣ, ಕರೆಂಟ್ ಬಂದೊಡನೆ ಅದು ಪರದೆಯನ್ನು ಒಮ್ಮೆ ಹಳಿಯ ತುದಿಯವರೆಗೂ ಒಯ್ದು ಲೆಕ್ಕವನ್ನು ಹೊಸದಾಗಿ ಶುರುಮಾಡುತ್ತದೆ, ರಾತ್ರಿ ಎರಡು ಗಂಟೆಯಾದರೂ ಸರಿ.