ಮೂರು ಥರದ ಮನೆಯಲ್ಲಿ ಬಾಡಿಗೆಗಿದ್ದು ನಾಲ್ಕನೆಯದನ್ನು ಕೊಂಡಿದ್ದು

ಬೆಂಗಳೂರಿನಲ್ಲಿ ಮನೆ ಕೊಳ್ಳೋಣ ಅಂತ ಮಾತು ಶುರುವಾದಾಗ ನಮ್ಮನೆಯ ಒಬ್ಬೊಬ್ಬರ ಕಣ್ಣಲ್ಲೂ ಒಂದೊಂದು ಮನೆ ಇತ್ತು. ಅತ್ತೆಗೆ 30x40 ಸೈಟಿನಲ್ಲಿ ಸ್ವಂತ ಮನೆ, ಮುಂದೆ ತುಳಸಿಕಟ್ಟೆ, ಹಿಂದೆ ಒಂದು ಕರಿಬೇವಿನ ಗಿಡ. ನಮ್ಮ ಯಜಮಾನರಿಗೆ ಲಿಫ್ಟು, ಸೆಕ್ಯುರಿಟಿ, ಜಿಮ್ಮು ಎಲ್ಲ ಇರುವ ದೊಡ್ಡ ಅಪಾರ್ಟ್‌ಮೆಂಟು. ನನಗೆ ಏನು ಬೇಕು ಅಂತ ಗೊತ್ತಿರಲಿಲ್ಲ. ಬೆಳಗ್ಗೆ ಎದ್ದ ತಕ್ಷಣ "ನೀರು ಬಂತಾ?" ಅಂತ ಕೇಳುವಂಥ ಮನೆ ಬೇಡ ಅನ್ನೋದಷ್ಟೇ ಗೊತ್ತಿತ್ತು. ಮಗ ಹಾಸ್ಟೆಲ್ ಸೇರಿದ್ದರಿಂದ ಶಾಲೆಯ ಹಂಗಿರಲಿಲ್ಲ. ಜಗಳ ಆಡಿ ಸುಸ್ತಾಗೋ ಬದಲು ಒಂದೊಂದರಲ್ಲೂ ಬಾಡಿಗೆಗಿದ್ದು ನೋಡೋಣ ಅಂದೆ. ನಾಲ್ಕು ವರ್ಷ ಹಿಡೀತು. ಸಾಮಾನು ಸಾಗಿಸುವಾಗ ಎರಡು ಬೀರು, ಒಂದು ಗ್ರೈಂಡರು ಹಾಳಾದವು.

ಮೊದಲು ನಾಗರಭಾವಿಯ ಸ್ವತಂತ್ರ ಮನೆ. ಹಳೇ ಬಿಡಿಎ ಸೈಟು, ಓನರ್ರು ಅಮೆರಿಕದಲ್ಲಿ, ಇಡೀ ಮನೆ ನಮ್ಮ ಕೈಗೆ. ಅತ್ತೆ ಅಷ್ಟು ಖುಷಿಯಾಗಿದ್ದನ್ನು ನಾನು ಮುಂಚೆ ನೋಡಿರಲಿಲ್ಲ. ಬಾಗಿಲು ತೆಗೆದರೆ ನೆಲ, ರಂಗೋಲಿ ಹಾಕಲು ಜಾಗ, ಸೊಪ್ಪಿನವಳು ಗೇಟಿಗೇ ಬರುತ್ತಾಳೆ. ಟೆರೇಸಿನ ಮೇಲೆ ಎರಡು ಬೇಸಿಗೆ ಹಪ್ಪಳ, ಸಂಡಿಗೆ ಒಣಗಿದವು. ನಾಲ್ಕು ಕೊಡೆಯಷ್ಟು ಅಗಲ ಬೆಡ್‌ಶೀಟು ಹರವಿದರೂ ಕೇಳುವವರಿಲ್ಲ.

ಆದರೆ ನೀರು. ಕಾವೇರಿ ನೀರು ದಿನ ಬಿಟ್ಟು ದಿನ, ಬೆಳಗಿನ ಜಾವ ಬರ್ತಿತ್ತು. ಸಂಪು ಗೇಟಿನ ಒಳಗೇ, ಕಾರು ನಿಲ್ಲಿಸುವ ಜಾಗದ ಕೆಳಗೆ. ಅತ್ತೆಗೆ ನಿದ್ದೆಯಲ್ಲೂ ಪೈಪಿನ ಗಾಳಿಯ ಶಬ್ದ ಕೇಳಿಸೋದು. ಮೊದಲು ಬುಸ್ ಅನ್ನುತ್ತೆ, ಆಮೇಲೆ ಗೊಳಗೊಳ, ಆಮೇಲೆ ಸಂಪಿನ ತಳಕ್ಕೆ ನೀರು ಬೀಳುವ ಸದ್ದು. ಆ ಮೂರನೇ ಸದ್ದು ಕೇಳಿಸದಿದ್ದರೆ 5.40ಕ್ಕೆ ನನ್ನ ಬಾಗಿಲು ಬಡಿಯುತ್ತಿದ್ದರು. ಟಾರ್ಚು ಹಿಡಿದು ಕಬ್ಬಿಣದ ಮುಚ್ಚಳ ಎತ್ತಿ ಬಗ್ಗಿ ನೋಡೋದು, ನೀರು ಬಿಡುವವನಿಗೆ ಫೋನ್ ಮಾಡೋದು, ಅವನು "ಲೈನ್ ಕೆಲಸ ಅಕ್ಕಾ, ನಾಳೆ" ಅನ್ನೋದು.

2022ರ ಮಳೆಗೆ ಹಾಲಿನ ಮೂಲೆ ಸೋರಿತು. ಮೂರು ಜನ ಮೇಸ್ತ್ರಿಗಳು ಬಂದು ಮೂರು ಕಾರಣ ಹೇಳಿದರು. ಸಜ್ಜೆ ಅಂದ ಒಬ್ಬ, ಪ್ಯಾರಾಪೆಟ್ಟಿನ ಬಿರುಕು ಅಂದ ಇನ್ನೊಬ್ಬ, ಮೂರನೆಯವನು ಸುಮ್ಮನೆ ಕೆಮಿಕಲ್ ಬಳಿದು ಹೋದ. ಸೋರಿದ್ದು ಮಾತ್ರ ಸಿಂಟೆಕ್ಸಿನ ಕೆಳಗಿನ ಪೈಪು ಗೋಡೆ ಸೇರುವ ಕಡೆ. ಅದನ್ನು ಕಂಡುಹಿಡಿದವರು ಅತ್ತೆ, ಬಕೆಟ್ಟಲ್ಲಿ ನೀರು ಹೊಯ್ದು ಹೊಯ್ದು. ಅಷ್ಟರಲ್ಲಿ ಪಕ್ಕದ ಸೈಟಿನಲ್ಲಿ ನಾಲ್ಕಂತಸ್ತು ಎದ್ದಿತ್ತು. ಕಾಂಪೌಂಡಿನಿಂದ ಮೂರಡಿಯೂ ಬಿಟ್ಟಿರಲಿಲ್ಲ. ಮಧ್ಯಾಹ್ನ ಹನ್ನೆರಡಕ್ಕೂ ಅಡುಗೆಮನೆಯಲ್ಲಿ ಲೈಟು ಹಾಕಬೇಕಾಯಿತು.

ಸ್ವಂತ ಮನೆ ಅಂದರೆ ನಮ್ಮ ನೆಲ, ನಮ್ಮ ಆಕಾಶ ಅಂತಾರೆ. 30x40ರಲ್ಲಿ ಆಕಾಶ ಪಕ್ಕದ ಮನೆಯವರ ಕೈಯಲ್ಲಿರುತ್ತೆ.

ಎರಡನೆಯದು ವೈಟ್‌ಫೀಲ್ಡ್ ಕಡೆಯ ದೊಡ್ಡ ಅಪಾರ್ಟ್‌ಮೆಂಟು, ಹನ್ನೊಂದನೇ ಮಹಡಿ. 2023ರ ಜೂನ್‌ನಲ್ಲಿ ಹೋದ್ವಿ. ಅತ್ತೆ ಮುಖ ಊದಿಸಿಕೊಂಡೇ ಬಂದರು, ತಿಂಗಳೊಳಗೆ ಬದಲಾದರು. ಮಂಡಿನೋವಿನವರಿಗೆ ಲಿಫ್ಟು ದೇವರು. ಸಂಜೆ ಐದಕ್ಕೆ ಕೆಳಗಿನ ಕಲ್ಲುಬೆಂಚಿನಲ್ಲಿ ಒಬ್ಬರು ತೆಲುಗಿನವರು, ಒಬ್ಬರು ಬಂಗಾಳಿ, ಇವರು ಹಾಸನದ ಕನ್ನಡ. ಯಾರಿಗೂ ಯಾರ ಭಾಷೆಯೂ ಸರಿಯಾಗಿ ಬರದು, ಮಾತು ಮಾತ್ರ ಏಳೂವರೆವರೆಗೆ. ಸೊಳ್ಳೆ ಇಲ್ಲ, ಗಾಳಿ ಬೇಕಾದಷ್ಟು. ವಾರಗಟ್ಟಲೆ ಊರಿಗೆ ಹೋದರೂ ಬೀಗ ಹಾಕಿದ್ದೇವಾ ಅಂತ ಯೋಚನೆ ಬರಲಿಲ್ಲ.

ಅಳತೆಯ ವಿಷಯ ಮಾತ್ರ ನನಗೆ ಅಲ್ಲೇ ಅರ್ಥವಾಗಿದ್ದು. ಕಾಗದದಲ್ಲಿ 1,240 ಚದರಡಿ ಅಂತಿದ್ದ ಮನೆಯಲ್ಲಿ ನಾವು ಟೇಪು ಹಿಡಿದು ಅಳೆದರೆ ಓಡಾಡಲು ಸಿಕ್ಕಿದ್ದು 870. ಮಿಕ್ಕಿದ್ದು ಲಾಬಿ, ಮೆಟ್ಟಿಲು, ಲಿಫ್ಟು, ಕ್ಲಬ್‌ಹೌಸುಗಳಲ್ಲಿ ನಮ್ಮ ಪಾಲು. ಇದಕ್ಕೇ ರೇರಾ, ಅಂದರೆ ರಿಯಲ್ ಎಸ್ಟೇಟ್ ಕಾಯ್ದೆ, ಕಾರ್ಪೆಟ್ ಏರಿಯಾ ಹೇಳಲೇಬೇಕು ಅಂತ ಮಾಡಿರೋದು. ಕಾರ್ಪೆಟ್ ಏರಿಯಾ ಅಂದರೆ ಹೊರಗೋಡೆ, ಬಾಲ್ಕನಿ ಬಿಟ್ಟು, ಒಳಗೋಡೆ ಸೇರಿಸಿ ಬರುವ ಅಳತೆ. ಬ್ರೋಷರಿನ ದೊಡ್ಡಕ್ಷರ ಬಿಟ್ಟು ಈ ಸಂಖ್ಯೆ ಕೇಳಿ. ನೆಲದ ಪಾಲು, ಇಲ್ಲಿನವರು ಯುಡಿಎಸ್ ಅನ್ನೋದು, ಆ ಮನೆಗೆ ಬರೀ 310 ಚದರಡಿ ಇತ್ತು. ಗೋಡೆ ಹಳೇದಾದಂತೆ ಬೆಲೆ ಇಳಿಯುತ್ತೆ, ಏರೋದು ನೆಲದ್ದೇ. ಹಾಗಾಗಿ ಅಷ್ಟು ದುಡ್ಡಿಗೆ 310 ಅನ್ನೋದು ನನಗೆ ಒಗ್ಗಲಿಲ್ಲ.

ಮೇಂಟೆನೆನ್ಸು ಚದರಡಿಗೆ 4.50, ತಿಂಗಳಿಗೆ 5,580. ಬಾಲ್ಕನಿಯ ಕಂಬಿಯ ಮೇಲೆ ಬಟ್ಟೆ ಕಾಣಬಾರದು ಅಂತ ಗ್ರೂಪಿನಲ್ಲಿ ಫೋಟೊ ಸಮೇತ ಮೆಸೇಜು ಬರ್ತಿತ್ತು. ಒಂದು ಸಲ ಆ ಫೋಟೊದಲ್ಲಿದ್ದಿದ್ದು ಅತ್ತೆಯ ನೀಲಿ ಸೀರೆ. ಅವತ್ತಿಂದ ಅವರು ಸೀರೆಯನ್ನು ಬಾತ್‌ರೂಮಿನಲ್ಲೇ ಒಣಗಿಸೋಕೆ ಶುರು ಮಾಡಿದರು, ಆ ವಾಸನೆ ನನಗೆ ಇನ್ನೂ ನೆನಪಿದೆ.

2024ರ ಮಾರ್ಚ್ ಬಂತು. ಆ ಭಾಗಕ್ಕೆ ಆಗಿನ್ನೂ ಕಾವೇರಿ ಬಂದಿರಲಿಲ್ಲ, ಪೂರ್ತಿ ಬೋರು ಮತ್ತು ಟ್ಯಾಂಕರು. ಬೋರುಗಳು ಒಂದೊಂದಾಗಿ ನಿಂತವು. ಜಿಲ್ಲಾಡಳಿತ 12,000 ಲೀಟರ್ ಟ್ಯಾಂಕರಿಗೆ ಐದು ಕಿಲೋಮೀಟರ್ ಒಳಗೆ 1,000 ರೂಪಾಯಿ ಅಂತ ದರ ಕಟ್ಟಿತು, ಕುಡಿಯುವ ನೀರಲ್ಲಿ ಕಾರು ತೊಳೆದರೆ 5,000 ದಂಡ ಅಂತ ಜಲಮಂಡಳಿ ಹೇಳಿತು. ನಮ್ಮ ಗೇಟಿಗೆ ಬರುವ ಟ್ಯಾಂಕರಿನವರಿಗೆ ಆ ದರಪಟ್ಟಿ ಓದಲು ಪುರುಸೊತ್ತಿರಲಿಲ್ಲ ಅನ್ನಿಸುತ್ತೆ. ಅಸೋಸಿಯೇಷನ್ ನೀರು ಬಿಡುವ ಹೊತ್ತನ್ನು ಬೆಳಗ್ಗೆ ಎರಡು ಗಂಟೆ, ಸಂಜೆ ಎರಡು ಗಂಟೆ ಅಂತ ಮಾಡಿತು. ಅಲ್ಲಿಗೆ ನಾನು ಬೇಡ ಅಂದಿದ್ದ ಪ್ರಶ್ನೆ ಹನ್ನೊಂದನೇ ಮಹಡಿಗೂ ಹತ್ತಿಬಂತು. ನಾಗರಭಾವಿಯಲ್ಲಾದರೆ ಸಂಪಿನೊಳಗೆ ಬಗ್ಗಿ ನೋಡಬಹುದಿತ್ತು. ಇಲ್ಲಿ ನೋಡೋಕೂ ಏನಿಲ್ಲ, ಮೆಸೇಜಿಗೆ ಕಾಯಬೇಕು. 400 ಮನೆ, 400 ಅಭಿಪ್ರಾಯ. ಅಕ್ಟೋಬರ್‌ನಲ್ಲಿ ದಿನಕ್ಕೆ 77.5 ಕೋಟಿ ಲೀಟರಿನ ಕಾವೇರಿ ಐದನೇ ಹಂತ ಶುರುವಾದ ಮೇಲೂ, ಕನೆಕ್ಷನ್ನಿನ ಶುಲ್ಕ ಯಾರು ಎಷ್ಟು ಹಾಕಬೇಕು ಅನ್ನೋ ಚರ್ಚೆ ನಾವು ಖಾಲಿ ಮಾಡಿಕೊಂಡು ಬರುವಾಗ ಮುಗಿದಿರಲಿಲ್ಲ.

ಅವತ್ತಿಗೆ ನನ್ನ ಅಳತೆಗೋಲು ಸಿಕ್ಕಿತ್ತು. ಎಲ್ಲ ಮನೆಯೂ ಕೆಡುತ್ತೆ. ಕೆಟ್ಟಾಗ ಯಾರ ಬಾಗಿಲು ತಟ್ಟಬೇಕು ಅನ್ನೋದರಲ್ಲಿದೆ ವ್ಯತ್ಯಾಸ. ಸ್ವತಂತ್ರ ಮನೆಯಲ್ಲಿ ತಟ್ಟಲು ಬಾಗಿಲೇ ಇಲ್ಲ, ಎಲ್ಲಕ್ಕೂ ನಾವೇ. ದೊಡ್ಡ ಅಪಾರ್ಟ್‌ಮೆಂಟಿನಲ್ಲಿ 400 ಬಾಗಿಲು, ಯಾವುದನ್ನು ತಟ್ಟಿದರೂ "ಕಮಿಟಿಗೆ ಬರೀರಿ".

ಮೂರನೆಯದು ಸರ್ಜಾಪುರದಾಚೆ ಗೇಟೆಡ್ ಲೇಔಟಿನ ರೋ ಹೌಸು. ಏಳೇ ತಿಂಗಳಿದ್ವಿ, ಹೆಚ್ಚು ಹೇಳೋದಿಲ್ಲ. ನೋಡಲು ಬಲು ಚೆಂದ. ಆದರೆ ಎರಡೂ ಕಡೆಯ ಖರ್ಚು ಒಂದೇ ಕಡೆ. ರಸ್ತೆ, ಪಾರ್ಕಿಗೆ ಮೇಂಟೆನೆನ್ಸು ಕಟ್ಟಬೇಕು, ನಮ್ಮ ಟೆರೇಸು ಸೋರಿದರೆ ನಾವೇ ನೋಡಿಕೊಳ್ಳಬೇಕು. ಹಾಲು ತರೋಕೂ ಸ್ಕೂಟರು. ಅಲ್ಲೇ ಪಕ್ಕದ ಲೇಔಟಿನಲ್ಲಿ ಒಬ್ಬರು ಅಗ್ಗಕ್ಕೆ ಸೈಟು ತೋರಿಸಿದರು. ಪಂಚಾಯಿತಿಯ ಆಸ್ತಿ ದಾಖಲೆ ಇ-ಸ್ವತ್ತಿನಲ್ಲಿ ಅದು 11ಬಿ. ಅಂದರೆ ಪಂಚಾಯಿತಿ ತೆರಿಗೆ ಕಟ್ಟಿಸಿಕೊಳ್ಳುತ್ತೆ, ಲೇಔಟಿಗೆ ಅನುಮೋದನೆ ಇದೆ ಅಂತ ಅರ್ಥವಲ್ಲ. "ಮುಂದೆ ಸಕ್ರಮ ಆಗುತ್ತೆ ಮೇಡಂ" ಅಂದರು. ಆದಾಗ ಬರ್ತೀವಿ ಅಂತ ವಾಪಸು ಬಂದ್ವಿ.

ಆಮೇಲೆ ಲೆಕ್ಕಕ್ಕೆ ಕೂತ್ವಿ. ಅತ್ತೆಯ ಮಾತಿಗೆ ಬೆಲೆ ಕೊಟ್ಟು ಮೊದಲು ಉಲ್ಲಾಳ ಕಡೆ ಒಂದು 30x40 ನೋಡಿದ್ದು. ಚದರಡಿಗೆ 9,000, ಸೈಟಿಗೇ 1.08 ಕೋಟಿ. ಕಟ್ಟಲು ಕಂಟ್ರಾಕ್ಟರು ಹೇಳಿದ್ದು ಚದರಕ್ಕೆ, ಅಂದರೆ ನೂರು ಚದರಡಿಗೆ, 2.2 ಲಕ್ಷ, 18 ಚದರಕ್ಕೆ 39.6 ಲಕ್ಷ. ಸಂಪು, ಕಾಂಪೌಂಡು, ಪ್ಲಾನು ಬೇರೆ. ಕಟ್ಟಿ ಮುಗಿಯುವವರೆಗೆ ಇಲ್ಲಿ ಬಾಡಿಗೆ, ಅಲ್ಲಿ ಕಂತು. ಆದರೂ ಆಸೆ ಬಿಡಲಿಲ್ಲ, ಎಂಜಿನಿಯರ್ ಹತ್ತಿರ ಒಂದು ಡ್ರಾಯಿಂಗು ಬರೆಸಿದ್ವಿ. ಕೆಳಗೆ ಎರಡು ಕಾರು, ಮೊದಲನೇ ಮಹಡಿಯಲ್ಲಿ ಹಾಲು, ಅಡುಗೆಮನೆ, ಎರಡನೇ ಮಹಡಿಯಲ್ಲಿ ರೂಮುಗಳು. ಅತ್ತೆ ಕನ್ನಡಕ ಹಾಕಿಕೊಂಡು ಆ ಹಾಳೆಯನ್ನು ತುಂಬ ಹೊತ್ತು ನೋಡಿದರು. ಮೆಟ್ಟಿಲಿನ ಗೆರೆಗಳನ್ನು ಬೆರಳಿಟ್ಟು ಎಣಿಸಿದರು. ಹತ್ತೊಂಬತ್ತು.

"ನೆಲದ ಮೇಲೆ ಕಾರು ಇರುತ್ತೆ, ನಾನು ಅಟ್ಟದ ಮೇಲಿರಬೇಕಾ?" ಅಂದರು.

ನಮ್ಮ ಯಜಮಾನರು ಏನೋ ಹೇಳೋಕೆ ಬಾಯಿ ತೆಗೆದು ಸುಮ್ಮನಾದರು. ಅತ್ತೆಯ ಕಣ್ಣಲ್ಲಿದ್ದಿದ್ದು ನಾಗರಭಾವಿಯ ಹಳೇ ಮನೆ. ಈಗ ಅದೇ ಅಳತೆಯ ಸೈಟಿನಲ್ಲಿ ಹಾಗೆ ಕಟ್ಟುವವರು ಯಾರಿದ್ದಾರೆ, ಇಷ್ಟು ದುಡ್ಡು ಸುರಿದು?

ಕೊನೆಗೆ ಕೊಂಡಿದ್ದು ನಮ್ಮ ಪಟ್ಟಿಯಲ್ಲೇ ಇಲ್ಲದ ಮನೆ. ರಾಜರಾಜೇಶ್ವರಿನಗರದಲ್ಲಿ 2009ರ ಸಣ್ಣ ಕಟ್ಟಡ, 80x100 ನೆಲ, ಹದಿನಾರೇ ಮನೆ, ಎರಡನೇ ಮಹಡಿ. ಈಜುಕೊಳ ಇಲ್ಲ, ಜಿಮ್ಮಿಲ್ಲ, ಲಾಬಿ ಅಂದರೆ ಲಿಫ್ಟಿನ ಮುಂದಿನ ಒಂದು ಕಾಲೊರಸು. ಆದರೆ ನೆಲದ ಪಾಲು 500 ಚದರಡಿ, ಕಾವೇರಿ ಮತ್ತು ಬೋರು ಎರಡೂ ಇದೆ, ಟೆರೇಸು ಎಲ್ಲರಿಗೂ ತೆರೆದಿದೆ. ಇದಕ್ಕೂ ಮುಂಚೆ ಇದೇ ಥರದ್ದು ಇನ್ನೊಂದು ತುಂಬಾ ಇಷ್ಟವಾಗಿತ್ತು. ಓಸಿ, ಅಂದರೆ ಕಟ್ಟಡ ವಾಸಕ್ಕೆ ಯೋಗ್ಯ ಅನ್ನುವ ಪ್ರಮಾಣಪತ್ರ, ಕೇಳಿದರೆ ಮಾತು ತಿರುಗಿಸಿದರು. ಪ್ಲಾನು ತರಿಸಿ ನೋಡಿದರೆ ಮೇಲಿನ ಅಂತಸ್ತು ಅದರಲ್ಲಿ ಇರಲೇ ಇಲ್ಲ. ಹಳೇ ಕಟ್ಟಡ ಕೊಳ್ಳುವವರು ಗೋಡೆಯ ಬಣ್ಣ ಆಮೇಲೆ ನೋಡಿ. ಮೊದಲು ಓಸಿ, ಮದರ್ ಡೀಡು (ಆಸ್ತಿಯ ಮೂಲ ಪತ್ರ), ಇಸಿ (ಋಣಭಾರ ಪತ್ರ), ಇ-ಖಾತಾ. ಹೊಸ ಕಟ್ಟಡಕ್ಕೆ ರೇರಾ ಪ್ರಕಾರ ಐದು ವರ್ಷ ಕಟ್ಟಡದ ದೋಷಕ್ಕೆ ಬಿಲ್ಡರ್ ಹೊಣೆ. ಹಳೇದಕ್ಕೆ ಆ ಆಸರೆ ಇಲ್ಲ, ಅದಕ್ಕೇ ಬೇಸ್ಮೆಂಟಿನ ಕಂಬಗಳನ್ನು ಪರಿಚಯದ ಎಂಜಿನಿಯರ್‌ಗೆ ತೋರಿಸಿದ್ವಿ.

ಬೆಲೆ 78 ಲಕ್ಷ. ಕಟ್ಟುತ್ತಿರುವ ಫ್ಲ್ಯಾಟಾಗಿದ್ದರೆ ಮೇಲೆ ಶೇ 5 ಜಿಎಸ್‌ಟಿ ಬೀಳ್ತಿತ್ತು, ಹಳೇದಕ್ಕೆ ಅದಿಲ್ಲ. ಬ್ಯಾಂಕು ಶೇ 80 ಕೊಟ್ಟಿತು, ಅಂದರೆ 62.4 ಲಕ್ಷ. ರಿಜಿಸ್ಟ್ರೇಷನ್ ಖರ್ಚನ್ನು ಬ್ಯಾಂಕು ಮನೆಯ ಬೆಲೆಗೆ ಸೇರಿಸಿ ನೋಡೋದಿಲ್ಲ, ಅದು ನಮ್ಮ ಜೇಬಿನದೇ. ಮುದ್ರಾಂಕ ಶುಲ್ಕ ಶೇ 5, ಅದರ ಮೇಲಿನ ಸೆಸ್ಸು, ಸರ್‌ಚಾರ್ಜು ಸೇರಿ 5.6, ನೋಂದಣಿ 2. ಒಟ್ಟು 5.93 ಲಕ್ಷ. 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ 1ರಿಂದ 2ಕ್ಕೆ ಏರಿತ್ತು. ನಾವು ಒಳ್ಳೇ ಮುಹೂರ್ತ ಅಂತ ನವೆಂಬರ್‌ವರೆಗೆ ಕಾದು 78,000 ಹೆಚ್ಚು ಕೊಟ್ವಿ. ಈ ಮಾತು ಅತ್ತೆಯ ಮುಂದೆ ಆಡೋದಿಲ್ಲ, ಮುಹೂರ್ತ ನೋಡಿಸಿದ್ದು ಅವರೇ. ಮನೆಯ ಬೆಲೆ 50 ಲಕ್ಷ ಮುಟ್ಟಿದರೆ ಮಾರುವವರಿಗೆ ಕೊಡುವ ದುಡ್ಡಿನಲ್ಲಿ ಶೇ 1 ಆದಾಯ ತೆರಿಗೆ (ಟಿಡಿಎಸ್) ಹಿಡಿದು ನಾವೇ ಕಟ್ಟಬೇಕು ಅನ್ನೋದು ನಮಗೆ ಕೊನೇ ವಾರದಲ್ಲಿ ಗೊತ್ತಾಯಿತು.

ಕೊರತೆ ಇಲ್ಲವೇ ಅಂದರೆ ಇದೆ. ಲಿಫ್ಟು ಹಳೇದು, ಬಾಗಿಲು ಮುಚ್ಚುವಾಗ ಬೈಯುವ ಥರ ಸದ್ದು ಮಾಡುತ್ತೆ. ಜನರೇಟರು ಲಿಫ್ಟಿಗೆ, ಮೋಟರಿಗೆ ಮಾತ್ರ. ಸೆಕ್ಯುರಿಟಿಯವರು ಒಬ್ಬರೇ, ಅವರೂ ಸಂಜೆ ಟೀಗೆ ಹೋದರೆ ಬರೋದು ನಿಧಾನ. ಕರಿಬೇವಿನ ಗಿಡ ಪೇಂಟಿನ ಡಬ್ಬದಲ್ಲಿದೆ.

ಗೃಹಪ್ರವೇಶವಾದ ಒಂಬತ್ತನೇ ದಿನ ಬೆಳಗ್ಗೆ ನಲ್ಲಿಯಲ್ಲಿ ನೀರಿಲ್ಲ. ನನ್ನ ಎದೆ ಧಸಕ್ಕೆಂದಿತು. ಕೆಳಗೆ ಹೋದರೆ ಸಂಪಿನ ಪಕ್ಕ ಆಗಲೇ ಐದಾರು ಜನ, ಲುಂಗಿಯಲ್ಲಿ, ನೈಟಿಯ ಮೇಲೆ ಟವೆಲು ಹೊದ್ದುಕೊಂಡು. ಮೋಟರು ಸುಟ್ಟಿತ್ತು. ನೆಲಮಾಳಿಗೆಯ ಬಲ್ಬಿನ ಕೆಳಗೇ ಮೀಟಿಂಗು ನಡೆದು ಹತ್ತು ನಿಮಿಷದಲ್ಲಿ ಮುಗಿಯಿತು. ವೈಂಡಿಂಗ್ ಮಾಡಿಸೋಕೆ, ಬಿಚ್ಚಿ ಕೂಡಿಸೋಕೆ ಎಲ್ಲ ಸೇರಿ 11,200, ಮನೆಗೆ 700. ಮಧ್ಯಾಹ್ನ ಮೂರಕ್ಕೆ ನೀರು ಬಂತು. 700 ಕೊಡಲು ಮೇಲಿನ ಮನೆಯ ಆಂಟಿಯ ಹತ್ತಿರ ಹೋದರೆ ಅವರು ದುಡ್ಡು ತಗೊಂಡು, ರಟ್ಟು ಹರಿದ ಉದ್ದದ ಲೆಕ್ಕದ ಪುಸ್ತಕವನ್ನು ನನ್ನ ಕೈಗೇ ಇಟ್ಟರು. "ಹೊಸಬರು ಬಂದ ವರ್ಷ ಅವರದ್ದೇ ಸರದಿ ಕಣಮ್ಮಾ, ಇಲ್ಲಿ ಹಾಗೇ" ಅಂದರು. ಪುಸ್ತಕ ಈಗ ನಮ್ಮ ಫ್ರಿಜ್ಜಿನ ಮೇಲಿದೆ. ಮೂರು ಮನೆಯವರು ಇನ್ನೂ 700 ಕೊಟ್ಟಿಲ್ಲ.