ನೀಲಿ ದೋಣಿ, ಬಿಳಿ ದೋಣಿ: ಎರಡನ್ನೂ ಇಟ್ಟುಕೊಂಡು ನೋಡಿದ ಮೇಲೆ

ಮೊದಲೇ ಬಿಳಿ ದೋಣಿ ತಗೊಳ್ಳಬೇಕಿತ್ತು. ನಲವತ್ತು ಸಾವಿರ ಉಳಿಯುತ್ತದೆ ಅಂತ ನೀಲಿ ತಂದೆ.

ಕೆಲಸ ಗೋವಾದ ವಾಸ್ಕೋದಲ್ಲಿ, ಊರು ಹೊನ್ನಾವರದ ಕಡೆ. ಶರಾವತಿ ದಡದಲ್ಲಿ ಬೆಳೆದವನಿಗೆ ಜುವಾರಿ ನದಿ ಪಕ್ಕದಲ್ಲಿದ್ದೂ ದೋಣಿ ಇಲ್ಲದಿದ್ದರೆ ಮನಸ್ಸು ತಡೆಯುವುದಿಲ್ಲ. ಎರಡೂ 16 ಅಡಿಯ ಹಳೇ ಫೈಬರ್ ದೋಣಿ, ಎರಡಕ್ಕೂ 25 ಎಚ್‌ಪಿ ಔಟ್‌ಬೋರ್ಡ್, ಅಂದರೆ ಹಿಂಬದಿಗೆ ಹೊರಗಿನಿಂದ ಕೂರಿಸುವ ಇಂಜಿನ್. ನೀಲಿಗೆ ಟೂ-ಸ್ಟ್ರೋಕ್ ಇಂಜಿನ್, ಬಿಳಿಗೆ ಫೋರ್-ಸ್ಟ್ರೋಕ್.

ನೀಲಿಯಲ್ಲಿ ಎರಡನೇ ತಿಂಗಳಿಗೇ ಇಂಜಿನ್ ಅಲುಗಾಡತೊಡಗಿತು. ಬೋಲ್ಟ್ ಬಿಗಿ ಮಾಡಿದೆ. ವಾರ ಕಳೆಯುವಷ್ಟರಲ್ಲಿ ಮತ್ತೆ ಸಡಿಲ. ಮತ್ತೆ ಬಿಗಿ ಮಾಡಿದೆ, ಮತ್ತೆ ಸಡಿಲ. ಕೊನೆಗೆ ಒಂದು ಬೋಲ್ಟ್ ಪೂರ್ತಿ ಬಿಚ್ಚಿದರೆ ತೂತಿನಿಂದ ಕಂದು ನೀರು ಇಳಿಯಿತು, ಹಿಂದೆಯೇ ಚಹಾ ಚರಟದಂಥ ಪುಡಿ. ಇಂಜಿನ್ ಕೂರುವ ಹಿಂಬದಿ ಗೋಡೆಯಲ್ಲಿ ಎರಡು ಫೈಬರ್ ಪದರದ ನಡುವೆ ಪ್ಲೈವುಡ್ ಇರುತ್ತದೆ. ಅದು ಕೊಳೆತಿತ್ತು. ಹಿಂದಿನವರು ಮಳೆಗಾಲವಿಡೀ ಮುಚ್ಚದೆ ದಡದಲ್ಲಿ ಬಿಟ್ಟಿದ್ದರಂತೆ. ಉಪ್ಪು ನೀರಿಗಿಂತ ಮಳೆ ನೀರೇ ಮರವನ್ನು ಬೇಗ ಕೊಳೆಸುವುದು. ಒಳಪದರ ಕೊಯ್ದು, ಹೊಸ ಪ್ಲೈವುಡ್ ಕೂರಿಸಿ, ಮತ್ತೆ ಫೈಬರ್ ಹಾಕಲು 35 ಸಾವಿರ ಕೇಳಿದರು. ಉಳಿಸಿದ್ದರಲ್ಲಿ ಬಹುಪಾಲು ಅಲ್ಲಿಗೇ ಹೋಗುತ್ತಿತ್ತು. ಕೊಳೆತದ್ದನ್ನು ತೋರಿಸಿಯೇ ನಷ್ಟಕ್ಕೆ ಮಾರಿದೆ.

ದಯವಿಟ್ಟು ಹಣ ಕೊಡುವ ಮುಂಚೆ ಸ್ಕ್ರೂಡ್ರೈವರ್ ಹಿಡಿಯಿಂದ ಆ ಗೋಡೆ ತಟ್ಟಿ ನೋಡಿ. ಟಣ್ ಅಂದರೆ ಸರಿ, ಬೊದ್ ಅಂದರೆ ಬೇಡ. ಇಂಜಿನ್ ಕಾಲು ಹಿಡಿದು ಮೇಲೆ ಕೆಳಗೆ ಆಡಿಸಿ, ಗೋಡೆ ಬಾಗುತ್ತದೆಯೋ ನೋಡಿ. ಐದು ನಿಮಿಷದ ಕೆಲಸ, ನಾನು ಮಾಡಲಿಲ್ಲ. ಅದೃಷ್ಟಕ್ಕೆ ಬಿಳಿ ಇನ್ನೂ ಮಾರಾಟಕ್ಕಿತ್ತು. ಅದನ್ನು ತಟ್ಟಿಯೇ ತಂದೆ.

ನೀಲಿಯ ಇಂಜಿನ್ ಮಾತ್ರ ಗಟ್ಟಿ. ಹಗುರ, ಇಬ್ಬರು ಎತ್ತಿ ಇಳಿಸಬಹುದು, ಜೆಟ್ಟಿಯಲ್ಲಿ ಯಾರು ಬೇಕಾದರೂ ರಿಪೇರಿ ಮಾಡುತ್ತಾರೆ. ಆದರೆ ಲೀಟರ್ ಪೆಟ್ರೋಲಿಗೆ 20 ಮಿಲಿ ಆಯಿಲ್ ಬೆರೆಸಬೇಕು. ಆ ಹೊಗೆಗೆ ಆಯಿಗೆ ವಾಕರಿಕೆ ಬರುತ್ತಿತ್ತು. ಬಿಳಿಯದು ಭಾರ, ಹಿಂದೆ ಇಬ್ಬರು ಕೂತರೆ ದೋಣಿ ಹಿಂದಕ್ಕೆ ತಗ್ಗುತ್ತದೆ. ಹಾಗಾಗಿ ಆಯಿ, ಮಕ್ಕಳು ನಡುವೆಯೇ ಕೂರಬೇಕು.

ಸಿಹಿನೀರಲ್ಲಿ ಹತ್ತು ನಿಮಿಷ ಇಂಜಿನ್ ಓಡಿಸಿ ತೊಳೆಯುವುದು ಎರಡಕ್ಕೂ ಒಂದೇ. ಪಣಜಿಯ ಕ್ಯಾಪ್ಟನ್ ಆಫ್ ಪೋರ್ಟ್ಸ್ ಇಲಾಖೆಯಲ್ಲಿ ನೋಂದಣಿ ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ.

ಒಬ್ಬರೇ ಬಲೆ ಹಾಕಲು ಹೋಗುವವರಾದರೆ ಟೂ-ಸ್ಟ್ರೋಕ್ ಸಾಕು, ಹಿಂಬದಿ ಗಟ್ಟಿಯಿದ್ದರೆ. ನಮ್ಮದು ಭಾನುವಾರ ಭರತದ (ನೀರು ಉಬ್ಬರವಾಗುವ) ಹೊತ್ತಿಗೆ ಕೊರ್ಟಾಲಿಂನಿಂದ ಕುಂಬಾರ್ಜುವಾ ಕಾಲುವೆಗೆ ನಿಧಾನವಾಗಿ ಹೋಗುವ ಅಭ್ಯಾಸ. ಅಷ್ಟು ನಿಧಾನಕ್ಕೆ ಹೊತ್ತುಗಟ್ಟಲೆ ಓಡಿಸಿದರೆ ನೀಲಿಯ ಪ್ಲಗ್ ಮಸಿ ಹಿಡಿದು ಇಂಜಿನ್ ನಿಂತುಬಿಡುತ್ತಿತ್ತು. ಹೋದ ವಾರ ಬಿಳಿಯಲ್ಲಿ ಹೋದಾಗ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಕೆಳಗೆ, ಕೆಸರಲ್ಲಿ ಮೊಸಳೆ ಮಲಗಿತ್ತು. ದೂರದಿಂದಲೇ ದಾಟಿದೆವು. ಇಂಜಿನ್ ಓಡುತ್ತಿದ್ದರೂ ಆಯಿ ಪಿಸುದನಿಯಲ್ಲಿ “ಕಣ್ಣು ಬಿಟ್ಟಿದೆ ನೋಡು” ಅಂದದ್ದು ನನಗೆ ಕೇಳಿಸಿತು.