ಬೇಸ್ ಹಿಡಿಸುವ ಗಾಡಿ ಯಾವುದು? ಐದು ಗಾಡಿಗಳ ಜೊತೆ ನನ್ನ ಗುದ್ದಾಟ

ನಾನು ನುಡಿಸುವುದು ಡಬಲ್ ಬೇಸ್, ಅಂದರೆ ಪಿಟೀಲಿನ ಆಕಾರದ್ದೇ ಆದ ಆಳೆತ್ತರದ ವಾದ್ಯ. ನನ್ನ ತಂಗಿ ನುಡಿಸುವುದು ಹಾರ್ಪ್, ದೊಡ್ಡ ಚೌಕಟ್ಟಿಗೆ ತಂತಿ ಬಿಗಿದದ್ದು. ಇಬ್ಬರೂ ಕೊಳಲು ಕಲಿತಿದ್ದರೆ ಈ ಬರಹದ ಅಗತ್ಯವೇ ಇರುತ್ತಿರಲಿಲ್ಲ. ಹನ್ನೆರಡು ವರ್ಷಗಳಲ್ಲಿ ಸಣ್ಣ ಹ್ಯಾಚ್‌ಬ್ಯಾಕ್, ಎಸ್‌ಯುವಿ, ಏಳು ಸೀಟಿನ ಎಂಪಿವಿ, ಎಸ್ಟೇಟ್ ಕಾರು (ಸೆಡಾನಿನ ಛಾವಣಿಯನ್ನೇ ಹಿಂದಿನವರೆಗೆ ಎಳೆದದ್ದು), ಸಣ್ಣ ಡಬ್ಬಾ ವ್ಯಾನು, ಇಷ್ಟರಲ್ಲೂ ಈ ಎರಡು ವಾದ್ಯಗಳನ್ನು ಹೇರಿಕೊಂಡು ಓಡಾಡಿದ್ದೇವೆ. ಕೆಲವು ಸ್ವಂತದ್ದು, ಕೆಲವು ಬಾಡಿಗೆಯದು, ಒಂದು ಬೇಡಿ ತಂದದ್ದು. ಸೆಡಾನ್ ಬಗ್ಗೆ ಕೇಳಲೇಬೇಡಿ. ಅದರ ಡಿಕ್ಕಿಯ ಬಾಯಿ ಅಂಚೆಡಬ್ಬಿಯ ಬಾಯಿಯಷ್ಟೇ.

ಗಾಡಿಗಿಂತ ಮೊದಲು ವಾದ್ಯದ ಅಳತೆ ಹೇಳಿಬಿಡುತ್ತೇನೆ. ನನ್ನದು ಸಾಮಾನ್ಯವಾಗಿ ಎಲ್ಲರೂ ಇಟ್ಟುಕೊಳ್ಳುವ ಮುಕ್ಕಾಲು ಸೈಜಿನ ಬೇಸ್. ಉದ್ದ 180 ಸೆಂ.ಮೀ. ಮೇಲೆ ಚೂರು. ಕೆಳಹೊಟ್ಟೆಯ ಅಗಲ 67. ಹೊಟ್ಟೆಯ ದಪ್ಪ ಇಪ್ಪತ್ತು ಚಿಲ್ಲರೆ, ಅದರ ಮೇಲೆ ಬ್ರಿಡ್ಜ್, ಅಂದರೆ ತಂತಿಗಳನ್ನು ಎತ್ತಿಹಿಡಿಯುವ ಮರದ ತುಂಡು, ಸೇರಿಸಿದರೆ 40ರ ಹತ್ತಿರ. ತೂಕ ಹತ್ತು ಕೆಜಿ ಆಸುಪಾಸು, ಅಂದರೆ ಭಾರವೇನಲ್ಲ, ಗಾತ್ರ ಮಾತ್ರ ಜಾಸ್ತಿ. ತಂಗಿಯದು 47 ತಂತಿಯ ಪೆಡಲ್ ಹಾರ್ಪ್. ಅದೂ ಹೆಚ್ಚುಕಮ್ಮಿ ಅಷ್ಟೇ ಉದ್ದ. ಆದರೆ ತೂಕ 38 ಕೆಜಿ, ಮಲಗಿಸಿದರೆ ಒಂದು ಮೀಟರ್ ಅಗಲ.

ಬೇಸನ್ನು ಹೇಗೆ ಮಲಗಿಸುತ್ತೇವೆ ಅನ್ನುವುದರ ಮೇಲೆ ಗಾಡಿಯ ಆಯ್ಕೆ ನಿಂತಿದೆ. ಬೇಸಿನ ಬ್ರಿಡ್ಜನ್ನು ಅಂಟಿಸಿರುವುದಿಲ್ಲ, ತಂತಿಗಳ ಒತ್ತಡಕ್ಕೇ ಅದು ನಿಂತಿರುತ್ತದೆ. ಒಳಗಿನ ಸೌಂಡ್‌ಪೋಸ್ಟ್ ಅನ್ನುವ ಕಡ್ಡಿಯೂ ಹಾಗೆಯೇ, ಎರಡು ಹಲಗೆಗಳ ಮಧ್ಯೆ ಸಿಕ್ಕಿಸಿಟ್ಟದ್ದು. ಹಾಗಾಗಿ ಬೋರಲು ಹಾಕುವ ಮಾತೇ ಇಲ್ಲ. ಅಂಗಾತ ಹಾಕಬಹುದು, ಆದರೆ ಮೇಲೆ ಬಂದು ಬೀಳುವ ಪ್ರತಿಯೊಂದು ಬ್ಯಾಗೂ ಸೀದಾ ಬ್ರಿಡ್ಜಿಗೇ ಕೂರುತ್ತದೆ. ಪಕ್ಕಕ್ಕೆ ಮಲಗಿಸುವುದು ಒಳ್ಳೆಯದು. ಆಗ ಅದಕ್ಕೆ ಬೇಕಾದ ಅಗಲ 40, ಎತ್ತರ 67. ಚೀಲ ಸೇರಿ 70 ಅನ್ನಿ. ಹಾರ್ಪಿಗೆ ಇದರ ಉಲ್ಟಾ. ಅದಕ್ಕೆ ಎತ್ತರದ ತಲೆಬಿಸಿ ಕಡಿಮೆ, ಅಗಲ ಬೇಕು. ಒಂದೇ ಮನೆಯಲ್ಲಿ ಇವೆರಡೂ ಇದ್ದರೆ ಕಾರು ಹುಡುಕುವ ಕಷ್ಟ ನಿಮಗೆ ಅರ್ಥವಾಗಬಹುದು.

ಹ್ಯಾಚ್‌ಬ್ಯಾಕ್

ಮೊದಲ ಕಾರು ಇದು. ಹಿಂದಿನ ಸೀಟು ಮಡಚಿ, ಮುಂದಿನ ಎಡಗಡೆ ಸೀಟನ್ನು ಪೂರ್ತಿ ಹಿಂದಕ್ಕೆ ವಾಲಿಸಿ, ಬೇಸನ್ನು ಹಿಂದಿನಿಂದ ತಳ್ಳಿದೆ. ಹೊಟ್ಟೆ ಒಳಗೆ ಹೋಯಿತು, ಕುತ್ತಿಗೆಯೂ ಹೋಯಿತು. ಆಮೇಲೆ ಬಾಗಿಲು ಹಾಕಲು ಹೋದರೆ ನಾಲ್ಕು ಬೆರಳಿನಷ್ಟು ಉಳಿಯಿತು. ಆನೆ ಹೋಗಿ ಬಾಲ ಸಿಕ್ಕಿಕೊಂಡ ಕತೆ. ಕೊನೆಗೆ ಅಂಗಾತ ತಿರುಗಿಸಿ, ತಲೆಯನ್ನು ಎರಡು ಮುಂದಿನ ಸೀಟುಗಳ ನಡುವೆ ತೂರಿಸಿದ ಮೇಲೆ ಬಾಗಿಲು ಮುಚ್ಚಿತು. ನಾಲ್ಕನೇ ಗೇರ್ ಹಾಕಿದಾಗಲೆಲ್ಲ ಮೊಣಕೈ ಬೇಸಿನ ತಲೆಯ ಸುರುಳಿಗೆ ತಾಗುತ್ತಿತ್ತು. ಹೀಗೆ ಎರಡು ವರ್ಷ ಓಡಿಸಿದೆ. ಒಂದು ಸಲ ಎದುರಿನ ಗಾಡಿ ಗಕ್ಕನೆ ನಿಂತಿತು, ನಾನೂ ಬ್ರೇಕ್ ಒತ್ತಿದೆ. ಹಿಂದಿದ್ದ ಸ್ಟೂಲು ಜಾರಿ ಬಂದು ತಂತಿಗಳ ಮೇಲೆ ಬಿತ್ತು. ಬ್ರಿಡ್ಜ್ ಮುರಿಯಲಿಲ್ಲ, ಒಂದು ಬೆರಳು ವಾಲಿತು. ಆ ಹೊತ್ತು ಗಾಡಿಯೊಳಗೆ ಬಂದ ಸದ್ದು ಇನ್ನೂ ಕಿವಿಯಲ್ಲಿದೆ.

ಹಾಗಂತ ಸಣ್ಣ ಕಾರುಗಳನ್ನೆಲ್ಲ ಬೈಯುವುದು ಸರಿಯಲ್ಲ. ಹೋಂಡಾ ಜಾಜ್‌ನಲ್ಲಿ ಪೆಟ್ರೋಲ್ ಟ್ಯಾಂಕು ಮುಂದಿನ ಸೀಟುಗಳ ಕೆಳಗಿದೆ. ಅದರಿಂದ ಹಿಂದಿನ ಸೀಟಿನ ತಳವನ್ನು ಸಿನಿಮಾ ಥಿಯೇಟರ್ ಕುರ್ಚಿಯ ಹಾಗೆ ಮೇಲಕ್ಕೆತ್ತಿ ನಿಲ್ಲಿಸಬಹುದು. ಬೇಸಿನ ತಮ್ಮನಂಥ ವಾದ್ಯ ಚೆಲ್ಲೋ ನುಡಿಸುವ ಗೆಳೆಯನೊಬ್ಬ ಪಕ್ಕದ ಬಾಗಿಲಿನಿಂದಲೇ ಚೆಲ್ಲೋ ಏರಿಸಿ, ಓರೆಯಾಗಿ ನಿಲ್ಲಿಸಿಕೊಂಡು ಹೋಗುತ್ತಾನೆ. ಡಿಕ್ಕಿ ಪೂರ್ತಿ ಖಾಲಿ ಉಳಿಯುತ್ತದೆ. ನೋಡಿ ನನಗೆ ಹೊಟ್ಟೆಕಿಚ್ಚಾಗಿದ್ದು ಸುಳ್ಳಲ್ಲ. ಚೆಲ್ಲೋ, ತಂಬೂರಿ, 88 ಕೀಲಿಯ ಡಿಜಿಟಲ್ ಪಿಯಾನೋ, ಇಷ್ಟರವರೆಗೆ ಒಳ್ಳೆಯ ಹ್ಯಾಚ್‌ಬ್ಯಾಕ್ ಸಾಕು. ತಂಬೂರಿಯಾದರೆ ಬುರುಡೆಯ ಮೇಲೆ ಏನೂ ಒರಗದ ಹಾಗೆ ನೋಡಿಕೊಳ್ಳಬೇಕು, ಅಷ್ಟೇ.

ಎಸ್‌ಯುವಿ

ನೋಡಲು ದೊಡ್ಡದು, ಅದಕ್ಕೇ ಮೋಸ ಹೋದೆವು. ಇದು ತಂಗಿಯ ಆಯ್ಕೆ. ಕಾಗದದ ಮೇಲೆ ಡಿಕ್ಕಿಯ ಲೀಟರ್ ಲೆಕ್ಕ ಬೇರೆ ಎಲ್ಲ ಕಾರುಗಳಿಗಿಂತ ಜಾಸ್ತಿ ಇತ್ತು. ಆಮೇಲೆ ಗೊತ್ತಾಯಿತು, ಯುರೋಪಿನ ಪದ್ಧತಿಯಲ್ಲಿ ಡಿಕ್ಕಿ ಅಳೆಯುವುದು 20 ಸೆಂ.ಮೀ. ಉದ್ದ, 10 ಅಗಲ, 5 ದಪ್ಪದ ತುಂಡುಗಳನ್ನು ತುಂಬಿಸಿ. ಒಂದು ತುಂಡು ಒಂದು ಲೀಟರ್. ಸಂದಿಗೊಂದಿಗಳಲ್ಲೆಲ್ಲ ತುಂಡು ಹಿಡಿಸಿದ್ದಷ್ಟೂ ಲೆಕ್ಕಕ್ಕೆ ಬರುತ್ತದೆ. ಹಾರ್ಪನ್ನು ಇಟ್ಟಿಗೆಗಳಾಗಿ ಒಡೆಯಬಹುದಾಗಿದ್ದರೆ ಈ ಲೆಕ್ಕ ಕೆಲಸಕ್ಕೆ ಬರುತ್ತಿತ್ತು.

ಅಸಲಿ ತೊಂದರೆ ಹೊಸ್ತಿಲಿನದು. ಡಿಕ್ಕಿಯ ಹೊಸ್ತಿಲು ನೆಲದಿಂದ 78 ಸೆಂ.ಮೀ. ಎತ್ತರದಲ್ಲಿತ್ತು. 38 ಕೆಜಿಯ ಹಾರ್ಪನ್ನು ಹೆಚ್ಚುಕಮ್ಮಿ ಸೊಂಟದವರೆಗೆ ಎತ್ತಿ, ವಾಲಿಸಿ, ಒಳಗೆ ಜಾರಿಸಬೇಕು. ಇಬ್ಬರಿದ್ದರೆ ಸರಿ. ಕಛೇರಿ ಮುಗಿಯುವ ಹೊತ್ತಿಗೆ ಆ ಇನ್ನೊಬ್ಬರು ಎಲ್ಲೋ ಮಾಯವಾಗಿರುತ್ತಾರೆ, ಅದು ಎಲ್ಲ ಕಡೆಯೂ ಇದ್ದದ್ದೇ. ಹೊಸ್ತಿಲಿನಿಂದ ಒಳಗಿನ ನೆಲ ಒಂದು ಮೆಟ್ಟಿಲಷ್ಟು ತಗ್ಗಿನಲ್ಲಿತ್ತು. ಇಳಿಸುವಾಗ ಅದೇ ಮೆಟ್ಟಿಲಿಗೆ ಬುಡ ಸಿಕ್ಕಿಕೊಳ್ಳುತ್ತಿತ್ತು. ಸಾಲದ್ದಕ್ಕೆ ಹಿಂದಿನ ಗಾಜು ಚಂದ ಕಾಣಲಿ ಅಂತ ಇಳಿಜಾರಾಗಿ ಕೊಟ್ಟಿದ್ದರು. ನನ್ನ ಬೇಸ್ ಪಕ್ಕಕ್ಕೆ ಮಲಗಿದರೆ ಅದರ ಭುಜ ಗಾಜಿಗೆ ಒತ್ತುತ್ತಿತ್ತು.

ಕನ್ನಡದಲ್ಲಿ ಡಿಕ್ಕಿ ಅಂದರೆ ಎರಡು ಅರ್ಥ ಇದೆಯಲ್ವಾ? ಈ ಗಾಡಿಯಲ್ಲಿ ನಮಗೆ ಎರಡೂ ಒಟ್ಟಿಗೆ ಆದವು. ಹದಿನಾಲ್ಕು ತಿಂಗಳಿಗೆ ತಂಗಿಯ ಬೆನ್ನು ಹಿಡಿದುಕೊಂಡಿತು, ಗಾಡಿ ಮಾರಿದೆವು.

ಏಳು ಸೀಟಿನ ಎಂಪಿವಿ

ಇದರಲ್ಲಿ ಎರಡು ಜಾತಿ. ಮೂರನೇ ಸಾಲಿನ ಸೀಟು ನೆಲದೊಳಗೆ ಮಡಚಿ ಮಾಯವಾಗುವಂಥದ್ದು ಒಂದು. ಎರಡು ತುಂಡಾಗಿ ಮೇಲೆದ್ದು ಗೋಡೆಗೆ ಅಂಟಿಕೊಳ್ಳುವಂಥದ್ದು ಇನ್ನೊಂದು. ಎರಡನೆಯದನ್ನು ಬಾಡಿಗೆಗೆ ತಂದು ಪೇಚಾಡಿದೆವು. ಎರಡೂ ಬದಿಯ ಸೀಟುಗಳು ಅಗಲವನ್ನು ನುಂಗಿದ್ದವು, ಹಾರ್ಪ್ ಒಳಗೆ ಹೋಗಲೇ ಇಲ್ಲ. ಬೇಸ್ ಮಾತ್ರ ಸಲೀಸಾಗಿ ಹಿಡಿಸಿತು. ನೆಲದೊಳಗೆ ಮಡಚುವ ಜಾತಿಯಾದರೆ ಸಂಸಾರವಂದಿಗರಿಗೆ ಒಳ್ಳೆಯ ಗಾಡಿ. ಮಕ್ಕಳು, ಸಾಮಾನು, ವಾರಾಂತ್ಯದಲ್ಲಿ ಬೇಸ್, ಎಲ್ಲಕ್ಕೂ ಆಗುತ್ತದೆ. ಇದರ ಬಗ್ಗೆ ಇಷ್ಟು ಸಾಕು.

ಎಸ್ಟೇಟ್

ಓಡಿಸುವ ಸುಖಕ್ಕೆ ಇದೇ ರಾಜ. ನೆಲ ಉದ್ದ, ಹೊಸ್ತಿಲು ತಗ್ಗು, ನಮ್ಮ ಹಳೆಯ ಗಾಡಿಯಲ್ಲಿ 58 ಸೆಂ.ಮೀ. ಸೀಟು ಮಡಚಿದರೆ ಹೊಸ್ತಿಲಿನಿಂದ ಮುಂದಿನ ಸೀಟಿನ ಬೆನ್ನಿನವರೆಗೆ 185. ಬೇಸ್ ಪಕ್ಕಕ್ಕೆ ಮಲಗಿ ನಿದ್ದೆ ಹೋದ ಹಾಗೆ ಇರುತ್ತಿತ್ತು. ಅದು ಅಗಲದಲ್ಲಿ 40 ಮಾತ್ರ ತಿನ್ನುವುದರಿಂದ ಹಿಂದಿನ ಸೀಟಿನ ಒಂದು ಭಾಗ ಮಡಚಿದರೆ ಸಾಕು, ಪಕ್ಕದಲ್ಲಿ ಒಬ್ಬರು ಕೂರಬಹುದು. ಪಿಟೀಲಿನವರು ನನ್ನ ಜೊತೆ ಬರಲು ಶುರುಮಾಡಿದ್ದು ಈ ಗಾಡಿ ಬಂದ ಮೇಲೆಯೇ.

ಗಾಡಿ ನೆಲಕ್ಕೆ ಹತ್ತಿರ ಇರುವುದರಿಂದ ತಿರುವಿನಲ್ಲಿ ಓಲಾಡುವುದೂ ಕಡಿಮೆ. ಸ್ಪ್ರಿಂಗು ಕಾರಿನದು, ಲಾರಿಯದಲ್ಲ. ಹದಗೆಟ್ಟ ರಸ್ತೆಯಲ್ಲಿ ಮೂರು ಗಂಟೆ ಓಡಿಸಿ ಹೋಗಿ ಚೀಲ ಬಿಚ್ಚಿದರೆ ಶ್ರುತಿ ಹೆಚ್ಚುಕಮ್ಮಿ ಇದ್ದ ಹಾಗೆಯೇ ಇರುತ್ತಿತ್ತು. ಹಿಂಬಾಗಿಲು ಮೇಲಕ್ಕೆ ತೆರೆಯುತ್ತದೆ, ಮಳೆಯಲ್ಲಿ ಅದೇ ಚಪ್ಪರ. ಇದು ಸಣ್ಣ ವಿಷಯ ಅನ್ನಿಸಬಹುದು. ಬಟ್ಟೆಯ ಚೀಲದೊಳಗಿನ ಮರದ ವಾದ್ಯವನ್ನು ಜಡಿಮಳೆಯಲ್ಲಿ ಏರಿಸಿದವರಿಗೆ ಅದು ಸಣ್ಣದಲ್ಲ.

ಹಾಗಾದರೆ ಯಾಕೆ ಬಿಟ್ಟೆವು? ಹಾರ್ಪ್. ಚಕ್ರದ ಗೂಡುಗಳ ಮಧ್ಯೆ 98 ಸೆಂ.ಮೀ. ಇತ್ತು. ಹಾರ್ಪ್ ತನ್ನ ಹೊದಿಕೆ ಸೇರಿ 101. ಹೊದಿಕೆ ತೆಗೆದು ಕಂಬಳಿ ಹಾಸಿ ತೂರಿಸಿದರೆ ಹಿಡಿಸುತ್ತಿತ್ತು. ಆದರೆ ಪ್ರತಿ ಸಲವೂ ಹೊದಿಕೆ ಬಿಚ್ಚಿದ ಹಾರ್ಪನ್ನು ರಸ್ತೆಯಲ್ಲಿ ನಿಲ್ಲಿಸಿಕೊಂಡು ಕಂಬಳಿ ಸರಿಮಾಡುವುದು ಯಾರಿಗೆ ಬೇಕು? ಒಬ್ಬರೇ ಬೇಸ್ ನುಡಿಸುವವರಿದ್ದರೆ ಕಣ್ಣುಮುಚ್ಚಿ ಎಸ್ಟೇಟ್ ತಗೊಳ್ಳಿ. ಈಗ ಹೊಸದಾಗಿ ಎಸ್ಟೇಟ್ ಮಾಡುವವರೇ ಕಡಿಮೆಯಾಗಿದ್ದಾರೆ, ಎಲ್ಲರೂ ಎಸ್‌ಯುವಿಯ ಹಿಂದೆ ಬಿದ್ದಿದ್ದಾರೆ. ಹಳೆಯದನ್ನೇ ಹುಡುಕಬೇಕು.

ಡಬ್ಬಾ ವ್ಯಾನು

ಸಾಮಾನು ಸಾಗಿಸುವ ಸಣ್ಣ ವ್ಯಾನಿಗೇ ಕಿಟಕಿ, ಹಿಂದಿನ ಸೀಟು ಕೊಟ್ಟು ಕಾರು ಮಾಡಿರುತ್ತಾರಲ್ಲ, ರೆನೋ ಕಾಂಗೂ, ಸಿಟ್ರೊಯೆನ್ ಬೆರ್ಲಿಂಗೋ ಥರದ್ದು. ನೋಡಲು ಚಂದವಿಲ್ಲ. ರೊಟ್ಟಿಡಬ್ಬಿಗೆ ಚಕ್ರ ಕಟ್ಟಿದ ಹಾಗಿರುತ್ತದೆ. ಆ ಡಬ್ಬಿಯ ಆಕಾರವೇ ನಮಗೆ ಬೇಕಾದದ್ದು. ಗೋಡೆ ನೆಟ್ಟಗೆ, ಛಾವಣಿ ಹಿಂದಿನವರೆಗೂ ಮಟ್ಟ, ಹಿಂಬಾಗಿಲು ಚೌಕ.

ಶೋರೂಮಿಗೆ ಹೋಗುವಾಗ ಈ ಸಲ ಬುದ್ಧಿ ಬಂದಿತ್ತು. ಫ್ರಿಜ್ ಬಂದಿದ್ದ ರಟ್ಟನ್ನು ಬೇಸಿನ ಆಕಾರಕ್ಕೆ ಕತ್ತರಿಸಿ, ಬ್ರಿಡ್ಜ್ ಇರುವ ಕಡೆ 40 ಸೆಂ.ಮೀ. ಅಗಲದ ಇನ್ನೊಂದು ತುಂಡು ಅಡ್ಡ ಸಿಕ್ಕಿಸಿ ಒಯ್ದೆ. ಹಾರ್ಪಿಗೊಂದು ಒಂದು ಮೀಟರಿನ ಕೋಲು. ಮಾರಾಟದ ಹುಡುಗ ಮೈಲೇಜು, ಟಚ್‌ಸ್ಕ್ರೀನು ಅಂತ ಏನೇನೋ ಹೇಳುತ್ತಿದ್ದ. ನಾನು ರಟ್ಟಿನ ಬೇಸನ್ನು ಹಿಂಬಾಗಿಲಿಗೆ ತೂರಿಸುತ್ತಿದ್ದೆ. ಒಂದೇ ಸಲ ತಳ್ಳಿದ್ದಕ್ಕೆ ಸರ್ರನೆ ಹೋಯಿತು. ಎತ್ತರದಲ್ಲಿ ಇನ್ನೂ ಜಾಗ ಉಳಿದಿತ್ತು. ಕೋಲು ಚಕ್ರದ ಗೂಡುಗಳ ಮಧ್ಯೆ ಅಡ್ಡಡ್ಡ ಕೂತಿತು, ಎರಡೂ ಕಡೆ ಕೈ ತೂರುವಷ್ಟು ಜಾಗ ಬಿಟ್ಟು. ಹುಡುಗ ಮಾತು ನಿಲ್ಲಿಸಿ, ಕೊನೆಗೆ ಕೋಲಿನ ಇನ್ನೊಂದು ತುದಿ ಹಿಡಿದುಕೊಂಡ.

ಹೊಸ್ತಿಲು 56 ಸೆಂ.ಮೀ., ಮೆಟ್ಟಿಲು ಇಲ್ಲ. ತಂಗಿ ಹಾರ್ಪನ್ನು ಗಾಲಿಯ ಮೇಲೆ ತಂದು, ಬುಡವನ್ನು ಹೊಸ್ತಿಲಿಗೆ ಒರಗಿಸಿ, ಹಳೆಯ ಹತ್ತಿಯ ಹಾಸಿಗೆಯ ಮೇಲೆ ಒಬ್ಬಳೇ ಜಾರಿಸುತ್ತಾಳೆ. ನನಗೆ ಉಳಿದ ಎಲ್ಲ ಅಂಕಗಳಿಗಿಂತ ಈ ಒಂದು ಅಂಕ ದೊಡ್ಡದು. ಸರಿಯುವ ಪಕ್ಕದ ಬಾಗಿಲು ಇನ್ನೊಂದು ಪುಣ್ಯ. ಹಿಂದೆ ಯಾರಾದರೂ ಒತ್ತರಿಸಿ ಗಾಡಿ ನಿಲ್ಲಿಸಿ ಹೋದರೆ ಪಕ್ಕದಿಂದಲೇ ಕೈಹಾಕಿ ಪಟ್ಟಿ ಬಿಗಿಯಬಹುದು. ನೆಲದಲ್ಲಿ ಕೊಕ್ಕೆಗಳಿವೆ. ಪಟ್ಟಿಯನ್ನು ವಾದ್ಯದ ಮೇಲೆ ಹಲ್ಲುಗಾಲಿಯಿಂದ ಎಳೆದು ಬಿಗಿಯಬೇಡಿ ಮತ್ತೆ. ಜಾರದ ಹಾಗೆ ತಡೆದರೆ ಸಾಕು. ಹಾರ್ಪ್ ತನ್ನ ತಂತಿಗಳ ಟನ್ನಿನ ಹತ್ತಿರದ ಎಳೆತವನ್ನೇ ಹೊತ್ತುಕೊಂಡಿರುತ್ತದೆ, ನಿಮ್ಮದೂ ಸೇರುವುದು ಬೇಡ. ಬೇಸಿನ ಕೆಳಗಿನ ಕಬ್ಬಿಣದ ಕಾಲನ್ನು ಮರೆಯದೆ ಒಳಗೆ ತಳ್ಳಿ ಅಥವಾ ಕಳಚಿಡಿ. ಬ್ರೇಕ್ ಹಾಕಿದರೆ ಅದು ಈಟಿ.

ದೂರುಗಳೂ ಇವೆ. ಹೆದ್ದಾರಿಯಲ್ಲಿ ಗಾಳಿಯ ಸದ್ದು ಜಾಸ್ತಿ, ಅಡ್ಡಗಾಳಿಗೆ ಸ್ಟಿಯರಿಂಗು ಗಟ್ಟಿ ಹಿಡಿಯಬೇಕು. ಒಂದಷ್ಟು ಮಾಡೆಲ್‌ಗಳಲ್ಲಿ ಹಿಂಬಾಗಿಲು ಒಂದೇ ದೊಡ್ಡ ಹಲಗೆ. ತೆರೆಯಲು ಹಿಂದೆ ಒಂದು ಮೀಟರಿಗಿಂತ ಜಾಸ್ತಿ ಜಾಗ ಬೇಕು. ಕಿಟಕಿ ದೊಡ್ಡದು, ಒಳಗಿನದ್ದೆಲ್ಲ ದಾರಿಹೋಕರಿಗೆ ಕಾಣುತ್ತದೆ. ಕಪ್ಪು ಬಟ್ಟೆ ಹೊದಿಸಿಡುತ್ತೇವೆ.

ದೊಡ್ಡ ವ್ಯಾನು, ಬಾಡಿಗೆಗೆ

ಇದು ಸ್ಪರ್ಧೆಯಲ್ಲಿಲ್ಲ, ಆದರೂ ಹೇಳಬೇಕು. ಮರದ ಪಟ್ಟಿಗಳನ್ನು ಬಡಿದು ನುಡಿಸುವ ಐದು ಸ್ಥಾಯಿಯ ಮರಿಂಬಾ, ನಗಾರಿಯಂಥ ನಾಲ್ಕು ಟಿಂಪನಿ ಅಂತ ಹೊರಟರೆ ಬೇರೆ ದಾರಿ ಇಲ್ಲ. ಆದರೆ ಬರೀ ಒಂದು ಹಾರ್ಪಿಗಾಗಿ ಇದನ್ನು ತಂದ ದಿನ ಪಶ್ಚಾತ್ತಾಪ ಪಟ್ಟೆವು. ಟನ್ನುಗಟ್ಟಲೆ ಹೊರಲು ಮಾಡಿದ ಸ್ಪ್ರಿಂಗು 38 ಕೆಜಿಗೆ ಬಗ್ಗುವುದೇ ಇಲ್ಲ. ಖಾಲಿ ಗಾಡಿಯ ಹಿಂಭಾಗ ಪ್ರತಿ ಹಳ್ಳಕ್ಕೂ ಕುಪ್ಪಳಿಸುತ್ತದೆ. ಮುಟ್ಟಿದ ಮೇಲೆ ಹೊಸ ತಾಪತ್ರಯ, ನೆಲಮಾಳಿಗೆಯ ಪಾರ್ಕಿಂಗಿನ ಬಾಗಿಲಲ್ಲಿ 2.1 ಮೀಟರ್ ಎಂಬ ಹಲಗೆ. ಗಾಡಿಯ ಎತ್ತರ ಎರಡೂವರೆ ದಾಟಿತ್ತು. ಬಿಸಿಲಲ್ಲಿ ನಿಲ್ಲಿಸಿದೆವು.

ಆ ದಿನ ಹಾರ್ಪಿನ ಜೊತೆಗೆ ಬೇಸನ್ನೂ ಅದರಲ್ಲೇ ಹಾಕಿದ್ದೆವು. ಹಿಂದಿನ ಅಂಕಣಕ್ಕೆ ಎಸಿ ಇಲ್ಲ, ಮೇಲೆ ಬರೀ ತಗಡು. ಬೇಸಿನ ಹಲಗೆಗಳನ್ನು ಅಂಟಿಸುವುದು ಪ್ರಾಣಿಗಳ ಚರ್ಮ ಬೇಯಿಸಿ ತೆಗೆದ ಅಂಟಿನಿಂದ, ಬಿಸಿ ಮತ್ತು ತೇವ ಎರಡೂ ಸೇರಿದರೆ ಅದು ಸಡಿಲವಾಗುತ್ತದೆ. ಎರಡು ಗಂಟೆ ಬಿಟ್ಟು ಬಂದು ನೋಡಿದರೆ ಕೆಳಹೊಟ್ಟೆಯ ಅಂಚು ಒಂದು ಗೇಣು ಉದ್ದಕ್ಕೆ ಬಾಯಿ ಬಿಟ್ಟಿತ್ತು. ಮರ ಸೀಳುವ ಮೊದಲು ಅಂಟು ಬಿಡಲಿ ಅಂತಲೇ ಹಾಗೆ ಮಾಡಿರುತ್ತಾರೆ, ರಿಪೇರಿಯವರು ಸಮಾಧಾನ ಹೇಳಿದರು. ಆ ಸಂಜೆ ಮಂದ್ರದ ತಂತಿ ಮೀಟಿದಾಗಲೆಲ್ಲ ಕರಕರ ಅನ್ನುತ್ತಿತ್ತು. ಡಬ್ಬಾ ವ್ಯಾನಿನಲ್ಲಿ ನನಗೆ ಬರುವ ತಂಪುಗಾಳಿಯೇ ವಾದ್ಯಕ್ಕೂ ಬರುತ್ತದೆ. ಅದೂ ಒಂದು ಕಾರಣ.

ಡಬ್ಬಾ ವ್ಯಾನಿಗೆ ಈಗ ಐದು ವರ್ಷ. ರಟ್ಟಿನ ಬೇಸ್ ಇನ್ನೂ ಬಾಗಿಲ ಹಿಂದೆ ನಿಂತಿದೆ. ಹೋದ ತಿಂಗಳು ಗೆಳತಿಯೊಬ್ಬಳು ಹೊಸ ಕಾರು ನೋಡಲು ಅದನ್ನು ಒಯ್ದಿದ್ದಳು, ತಂದುಕೊಡುವಾಗ ಕುತ್ತಿಗೆ ಮುರಿದಿತ್ತು. ಎಸ್‌ಯುವಿ ನೋಡಲು ಹೋಗಿದ್ದಳಂತೆ.